ಟೈಲರಮ್ಮ ಹೊಲಿದ ಹಾಯಿ

ಎರಡು ವಾರ ಇದ್ದು ಹೊರಡೋಣವೆಂದು ತಂದು ಕಟ್ಟಿದ ದೋಣಿ ಹದಿನಾಲ್ಕು ತಿಂಗಳಾದರೂ ಜಾಗ ಬಿಟ್ಟು ಕದಲಿರಲಿಲ್ಲ. ಅದೊಂದು ಮರೀನಾ, ಹಾಯಿದೋಣಿಗಳು ಬಂದು ಸಾಲಾಗಿ ತಂಗುವ ಜಾಗ. ಹನ್ನೊಂದು ಮೀಟರ್ ಉದ್ದದ ಆ ದೋಣಿಯೊಳಗೆ ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಮೂವರ ಸಂಸಾರ. ಹೆಂಡತಿಯನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದುದು ಟೈಲರಮ್ಮ ಎಂದು.

ದೋಣಿಯಲ್ಲಿ ಬದುಕುವುದೆಂದರೆ ಆಹಾ ಏನು ಸುಖ ಎನ್ನುವವರು ಒಂದು ವಾರ ಇದ್ದು ನೋಡಬೇಕು. ಮಗಳು ಪಾಠಕ್ಕೆ ಕೂರಬೇಕಾದರೆ ಊಟದ ಮೇಜು ಖಾಲಿಯಾಗಬೇಕು. ಮೇಜು ಖಾಲಿಯಾಗಬೇಕಾದರೆ ಹೊಲಿಗೆ ಯಂತ್ರ ಹಾಸಿಗೆಗೆ ಹೋಗಬೇಕು. ಯಂತ್ರ ಹಾಸಿಗೆ ಹಿಡಿದರೆ ಗಂಡ ಕಾಲು ಚಾಚುವಂತಿಲ್ಲ. ಸ್ನಾನಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು ದಡದ ಬಚ್ಚಲಿಗೆ ಮುನ್ನೂರು ಹೆಜ್ಜೆ. ಸೋಪು ಮರೆತರೆ ಮತ್ತೆ ಮುನ್ನೂರು.

ಇಷ್ಟಾದರೂ ಟೈಲರಮ್ಮನಿಗೆ ಆ ದೋಣಿಯೆಂದರೆ ಜೀವ. ತಮಾಷೆಯೆಂದರೆ, ಐದು ವರ್ಷದ ಹಿಂದೆ ಅದನ್ನು ಹತ್ತುವಾಗ ಗೋಳೋ ಎಂದು ಅತ್ತವಳು ಅವಳೇ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವನು ಗಂಡ. ಈಗ ಎಲ್ಲ ತಿರುಗುಮುರುಗಾಗಿತ್ತು. ಇಲ್ಲಿಗೆ ಬರುವಾಗ ಬಿರುಗಾಳಿಗೆ ದೊಡ್ಡ ಹಾಯಿ ನಡುವೆ ಹರಿದು, ಮಗಳು ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಆರು ವಾರದಲ್ಲಿ ಮೂಳೆ ಕೂಡಿತು, ಹುಡುಗಿ ಮರೆತೂಬಿಟ್ಟಳು. ಗಂಡನ ರಿಪೇರಿ ಮಾತ್ರ ಮುಗಿಯಲೊಲ್ಲದು. ಮೊದಲು ಪಂಪು, ಆಮೇಲೆ ವೈರು, ಆಮೇಲೆ ಬಣ್ಣ. "ಇದೊಂದು ಆಗ್ಲಿ ಕಣೇ, ಹೊರಟುಬಿಡೋಣ" ಎನ್ನುವನು. ಇದೊಂದು ಆಗುವಷ್ಟರಲ್ಲಿ ಇನ್ನೊಂದು ತಯಾರು.

ಒಂದು ದಿನ, ಸ್ಕ್ರೂ ಡ್ರೈವರನ್ನೇ ನೋಡುತ್ತ ಹೇಳಿದ, "ಇಲ್ಲಿನ ವರ್ಕ್‌ಶಾಪಲ್ಲಿ ಪರ್ಮನೆಂಟ್ ಕೆಲಸ ಕೊಡ್ತಾರಂತೆ. ಗಾಳಿ ಚೆನ್ನಾಗಿರೋದು ಇನ್ನು ಮೂರೇ ವಾರ. ಅಷ್ಟರಲ್ಲಿ ಹೊರಡೋಕಾಗದಿದ್ರೆ ದೋಣಿ ಮಾರಿಬಿಡೋಣ."

"ಬಾಕಿ ಇರೋದು ಹಾಯಿ ಒಂದೇ ತಾನೆ?" ಎಂದಳು ಟೈಲರಮ್ಮ. "ನಾನೇ ಹೊಲೀತೀನಿ."

ಹದಿನೆಂಟು ವರ್ಷ ಮಕ್ಕಳ ಬಟ್ಟೆ ಹೊಲಿದ ಕೈ ಅದು. ದುರಸ್ತಿ ಶೆಡ್ಡಿನ ನೆಲದ ಮೇಲೆ ಗಂಡ ಹೆಂಡತಿ ಹಳೆಯ ಹಾಯಿಯನ್ನು ಹರಡಿದರು. ಅದೋ ನಡುವೆ ಉಬ್ಬಿಕೊಂಡು ಸುಕ್ಕುಸುಕ್ಕಾಗಿ ಬೀಳುತ್ತಿತ್ತು. "ಅಳತೆ ಅಂದ್ರೆ ಅಳತೆ" ಎಂದ ಗಂಡ, ಮೂರು ಮೂಲೆಗೂ ಲಂಗರಿನ ಸರಪಳಿ ಹೇರಿ, ಸುಕ್ಕು ಕಂಡಲ್ಲೆಲ್ಲ ನೀರಿನ ಕ್ಯಾನ್ ಇಟ್ಟು, ಇಸ್ತ್ರಿ ಮಾಡಿದಷ್ಟು ಚಪ್ಪಟೆ ಮಾಡಿದ. ಅವಳಿಗೂ ಅದೇ ಸರಿಯೆನ್ನಿಸಿತು. ಅದರ ಮೇಲೇ ಗೆರೆ ಎಳೆದು ಹೊಸ ಬಟ್ಟೆಯ ಪಟ್ಟಿಗಳನ್ನು ಕತ್ತರಿಸಿ, ಒಂದಕ್ಕೊಂದು ಜೋಡಿಸಿ ಹೊಲಿದಳು. ಹತ್ತು ದಿನ, ಎರಡು ಡಜನ್ ಸೂಜಿ, ಬೆರಳ ತುದಿಯಲ್ಲೆಲ್ಲ ಗಾಯ.

ಹನ್ನೊಂದನೆಯ ದಿನ ಬೆಳಿಗ್ಗೆ ಹಾಯಿ ಏರಿಸಿದರು. ತೆಳ್ಳನೆಯ ಗಾಳಿ ಬೀಸುತ್ತಿತ್ತು. ಹಾಯಿ ಹಲಗೆಯ ಹಾಗೆ ನಿಂತಿತು. ಗಾಳಿ ಅದರ ಎರಡೂ ಬದಿಯಲ್ಲಿ ಸವರಿಕೊಂಡು ತನ್ನ ದಾರಿ ತಾನು ಹಿಡಿಯಿತು.

ಪಕ್ಕದ ದೋಣಿಯಲ್ಲಿ ಒಂಟಿಯಾಗಿದ್ದ ಕಪ್ತಾನಜ್ಜಿ, ನಲವತ್ತು ವರ್ಷ ಸಮುದ್ರ ಸುತ್ತಿದವಳು, ಕಾಫಿ ಲೋಟ ಹಿಡಿದು ಹೊರಗೆ ಬಂದಳು. "ಏನೇ ತಾಯಿ, ಹಾಯಿ ಹೊಲಿ ಅಂದ್ರೆ ಬೆಡ್‌ಶೀಟ್ ಹೊಲಿದಿಟ್ಟಿದ್ದೀಯಲ್ಲೇ! ಹಾಯಿಗೆ ಹೊಟ್ಟೆ ಬೇಡ್ವೇನೇ? ಗಾಳಿ ಎಲ್ಲಿ ತುಂಬ್ಕೋಬೇಕು?"

ಕ್ಯಾನ್ ಇಟ್ಟು ಒತ್ತಿದ ಆ ಸುಕ್ಕುಗಳೇ ಹಳೆಯ ಹಾಯಿಯ ಹೊಟ್ಟೆ ಎಂಬುದು ಟೈಲರಮ್ಮನಿಗೆ ಆಗ ಹೊಳೆಯಿತು. ಎಂಥೆಂಥ ಡೊಳ್ಳುಹೊಟ್ಟೆಯ ಮಕ್ಕಳಿಗೆ ಅಂಗಿ ಹೊಲಿದವಳು, ಹಾಯಿಯ ಹೊಟ್ಟೆಯನ್ನು ಮರೆತಿದ್ದಳು! ನಾಚಿಕೆಯಿಂದ ಗಂಡನ ಕಡೆ ತಿರುಗಿದಳು. ಅವನ ಮುಖದಲ್ಲಿ ಬೇಸರವಿರಲಿಲ್ಲ. ಪರೀಕ್ಷೆ ಮುಂದೆ ಹೋಯಿತೆಂದು ಕೇಳಿದ ಹುಡುಗನ ಮುಖ ಅದು.

"ಹೋಗ್ಲಿ ಬಿಡು, ನಿನ್ನ ಕೈಲಾದಷ್ಟು ಮಾಡಿದೆ" ಎಂದ, ಬೆಣ್ಣೆಯಂಥ ದನಿಯಲ್ಲಿ.

ಬೈದಿದ್ದರೂ ಅವಳಿಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಹಾಯಿ ಇಳಿಸಿ, ಶೆಡ್ಡಿಗೆ ಹೊತ್ತು, ಹೊಲಿಗೆ ಬಿಚ್ಚತೊಡಗಿದಳು. ಹಿಂದೆಯೇ ಬಂದ ಕಪ್ತಾನಜ್ಜಿ ಬಗ್ಗಿ ನೋಡಿ ಹುಬ್ಬೇರಿಸಿದಳು. ಒಂದೊಂದು ಹೊಲಿಗೆಯಲ್ಲೂ ಬಟ್ಟೆ ಒಂದರ ಮೇಲೊಂದು ನಾಲ್ಕು ಬೆರಳಗಲ ಕೂತಿತ್ತು.

"ಇಷ್ಟೊಂದು ಬಟ್ಟೆ ಯಾಕೆ ಬಿಟ್ಟೆ? ಹಾಯಿಗೆ ಯಾರೂ ಹೀಗೆ ಬಿಡಲ್ಲ."

"ಅಭ್ಯಾಸ ಅಜ್ಜಿ. ಮಕ್ಕಳು ಬೆಳೀತಾರಲ್ಲ, ಆಮೇಲೆ ಬಿಚ್ಚಿ ದೊಡ್ಡದು ಮಾಡೋಕೆ. ಕೈ ತಾನಾಗೇ ಬಿಟ್ಟುಬಿಟ್ಟಿದೆ."

ಅಜ್ಜಿ ಬಿದ್ದೂ ಬಿದ್ದೂ ನಕ್ಕಳು. "ಹಾಗಾದ್ರೆ ಬದುಕಿದೆ! ಅಂಚಲ್ಲಿ ಇದ್ದ ಹಾಗೇ ಇರ್ಲಿ. ನಡುವೆ ಮಾತ್ರ ಈ ಹೆಚ್ಚಿನ ಬಟ್ಟೆ ಸಡಿಲ ಬಿಡು. ತಾನೇ ಹೊಟ್ಟೆ ಬರುತ್ತೆ."

ಅಜ್ಜಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದಳು, ಮಗಳು ಹಳೆ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತಳು, ಟೈಲರಮ್ಮ ಹೊಲಿದಳು. ಗಂಡ ಮೂರು ದಿನ ದೋಣಿಯಲ್ಲೇ ಕೂತು, ಥಳಥಳ ಹೊಳೆಯುತ್ತಿದ್ದ ಹಿತ್ತಾಳೆಯನ್ನೇ ಮತ್ತೆ ಮತ್ತೆ ಉಜ್ಜಿದ. ನಾಲ್ಕನೆಯ ದಿನ ಶೆಡ್ಡಿನ ಬಾಗಿಲಲ್ಲಿ ಕಾಣಿಸಿಕೊಂಡ. ಯಂತ್ರದ ಹಿಂದೆ ಹೋಗಿ, ಭಾರಕ್ಕೆ ಜಗ್ಗುತ್ತಿದ್ದ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಆದರೆ ಆ ದಿನದ ಹೊಲಿಗೆ ಸಲೀಸಾಗಿ ಸಾಗಿತು.

ಮೂರು ದಿನ ಬಾಕಿಯಿರುವಾಗ ಹಾಯಿ ಮತ್ತೆ ಏರಿತು. ಅದೇ ತೆಳುಗಾಳಿ. ಈ ಸಲ ಹಾಯಿ ಒಮ್ಮೆ ನಡುಗಿ, ಮೆಲ್ಲನೆ ಉಬ್ಬಿ ನಿಂತಿತು. ಕಟ್ಟಿದ ದೋಣಿ ಹಗ್ಗ ಜಗ್ಗಿತು, ಒಳಗೆ ಲೋಟ ಬಟ್ಟಲು ಸದ್ದು ಮಾಡಿದವು. ಮಗಳು ಕೇಕೆ ಹಾಕಿದಳು. ಟೈಲರಮ್ಮ ನಾಲ್ಕು ಜನರೆದುರಿಗೇ ಅತ್ತಳು. ಖುಷಿಗೆ ಅತ್ತರೆ ಯಾರಪ್ಪನ ಗಂಟು ಹೋಗುತ್ತದೆ?

ಮರುದಿನ ಬೆಳಿಗ್ಗೆ ಹೊರಡುವುದೆಂದಾಯಿತು. ಇಂಜಿನ್ ಶುರುವಾಯಿತು. ಚುಕ್ಕಾಣಿ ಟೈಲರಮ್ಮನ ಕೈಲಿತ್ತು. ಉಳಿದ ಹಗ್ಗಗಳನ್ನೆಲ್ಲ ಬಿಚ್ಚಿದ ಗಂಡ ದೋಣಿಯ ಮುಂತುದಿಯ ಕೊನೆಯ ಹಗ್ಗದ ಮುಂದೆ ಮಂಡಿಯೂರಿದವನು ಏಳಲೇ ಇಲ್ಲ. ಅವಳು ಚುಕ್ಕಾಣಿ ಬಿಟ್ಟು ಅವನ ಬಳಿ ಹೋದಳು.

"ಅವತ್ತು ನೀನು ಹೊಲಿದ ಹಾಯಿ ಕೆಟ್ಟಾಗ ನಂಗೆ ಸಮಾಧಾನ ಆಗಿತ್ತು ಕಣೇ" ಎಂದ, ತಲೆಯೆತ್ತದೆ.

"ಗೊತ್ತು. ನೋಡಿದೆ."

"ಮಗು ಬಿದ್ದಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಭಯ ಆಗುತ್ತೆ."

ಹದಿನಾಲ್ಕು ತಿಂಗಳಿಂದ ಕೂಡಿಟ್ಟ ಬೈಗುಳ ಅವಳ ನಾಲಿಗೆಯ ತುದಿಯಲ್ಲಿತ್ತು. ಈ ಒಂದು ಮಾತನ್ನು ಆವತ್ತೇ ಹೇಳಿದ್ದರೆ ಎಷ್ಟು ಪಂಪು, ಎಷ್ಟು ಬಣ್ಣ ಉಳಿಯುತ್ತಿತ್ತು! ಆದರೆ ಅವನ ಬಗ್ಗಿದ ಕುತ್ತಿಗೆ ನೋಡಿ ಅದನ್ನೆಲ್ಲ ನುಂಗಿಕೊಂಡಳು.

"ನಂಗೂ ಆಗುತ್ತೆ ರೀ. ಅದೂ ಜೊತೆಗೇ ಬರ್ಲಿ ಬಿಡಿ. ಹನ್ನೊಂದು ಮೀಟರಲ್ಲಿ ಅದಕ್ಕೂ ಒಂದು ಮೂಲೆ ಸಿಗುತ್ತೆ."

ಅವನಿಗೆ ನಗು ಬಂತು. ಅಷ್ಟರಲ್ಲಿ ಮಗಳು ಬಂದು ಅಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಅಪ್ಪಾ, ನಾನು ಬಿಚ್ಚಲಾ?"

"ಬೇಡ ಪುಟ್ಟೀ" ಎಂದ ಅವನು. "ಇದನ್ನ ಕಟ್ಟಿದ್ದು ನಾನು."

ಮಳೆಗೂ ಉಪ್ಪಿಗೂ ಗಂಟು ಕಲ್ಲಾಗಿತ್ತು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.