ಮೇಜಿನ ಮೇಲಿದ್ದ ಲೋಟಗಳು

ರಾತ್ರಿ ಬಹಳ ಹೊತ್ತಾಗಿತ್ತು. ಇಯರ್‌ಫೋನಿನಲ್ಲಿ ಗುಳಗುಳನೆ ನೀರು ಸುರಿಯುವ ಸಣ್ಣ ಸದ್ದು ಕೇಳಿಸಿತು. ವಿಡಿಯೊ ಹಿಂದಕ್ಕೆ ಎಳೆದು ಮತ್ತೆ ನೋಡಿದೆ.

ಹಾಸನದ ನಮ್ಮ ಕಾಲೇಜಿನ ದಾಖಲೆ ವಿಭಾಗ ಸುತ್ತಲ ಹಳ್ಳಿಗಳ ಚರಿತ್ರೆಯ ಬಗ್ಗೆ ಆನ್‌ಲೈನ್ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿತ್ತು. ನಾನು ಅಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವವಳು. ರಾಗಿ ಬೀಸುವ ಪದ ಹಾಡಲು ದುದ್ದದ ಹತ್ತಿರದ ನಮ್ಮೂರಿನಿಂದ ಅವ್ವನನ್ನೇ ಕರೆಸಿದ್ದೆ. ಪ್ರದರ್ಶನಕ್ಕೆ ಹಳೆಯ ಫೋಟೊ, ಹಿತ್ತಾಳೆ ಪಾತ್ರೆಗಳನ್ನು ಕೊಟ್ಟ ರಂಗಸ್ವಾಮಿ ಪಕ್ಕದ ಕುರ್ಚಿಯಲ್ಲಿದ್ದರು. ನಮ್ಮೂರಿನ ಅರ್ಧ ಹೊಲಗದ್ದೆ ಅವರದು. ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದಾರೆ.

ಹಾಡಿನ ನಡುವೆ ಅವ್ವನಿಗೆ ಕೆಮ್ಮು ಬಂತು. ರಂಗಸ್ವಾಮಿ ಜಗ್ಗು ಎತ್ತಿಕೊಂಡರು. ಅವ್ವ ಕುರ್ಚಿಯಿಂದಿಳಿದು ಕುಕ್ಕರಗಾಲಲ್ಲಿ ಕೂತು, ಬೊಗಸೆ ಮಾಡಿ ಬಾಯಿಗೆ ಹಿಡಿದಳು. ಅವರು ಜಗ್ಗನ್ನು ಇನ್ನಷ್ಟು ಮೇಲೆತ್ತಿ ಸುರಿದರು. ಮೇಜಿನ ಮೇಲೆ ತೊಳೆದಿಟ್ಟ ಗಾಜಿನ ಲೋಟಗಳಿದ್ದವು. ಕ್ಯಾಮೆರಾ ಹಿಡಿದಿದ್ದವಳು ನಾನು. ಎಂ.ಎ. ಓದಿದವಳು. ಆಗ ನನಗೂ ಅದರಲ್ಲಿ ಏನೂ ಕಾಣಿಸಿರಲಿಲ್ಲ.

ಬೆಳಿಗ್ಗೆ ವಿಭಾಗದ ಮುಖ್ಯಸ್ಥ ಸಿದ್ದೇಶ್ವರ ಸರ್ ಆ ತುಣುಕು ನೋಡಿ ಮುಂದಕ್ಕೆ ಬಾಗಿದರು.

“ಇದೇ ಮುಖಪುಟ ಲತಾ! ದೊಡ್ಡೋರು ಕೈಯಾರೆ ನೀರು ಕೊಡ್ತಿದ್ದಾರೆ. ‘ಹಳ್ಳಿಯ ಸಾಮರಸ್ಯ’ ಅಂತ ಹೆಸರು ಹಾಕಿ.”

“ಸರ್, ಲೋಟ ಇತ್ತು.”

“ಅಂದ್ರೆ?”

“ಮೇಜಿನ ಮೇಲೆ ಸರ್. ಕೈಗೆಟುಕೋ ಹಾಗೇ.”

ಅವರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು.

“ನಿಮ್ಮ ಅಮ್ಮನ ಮನೆ ರಂಗಸ್ವಾಮಿಯವರ ತೋಟದಲ್ಲೇ ತಾನೆ ಇರೋದು?”

“ಹೌದು ಸರ್.”

“ನಿಮ್ಮ ಗುತ್ತಿಗೇನೂ ಜೂನ್‌ಗೆ ಮುಗಿಯುತ್ತೆ. ಮೇಜು ಕ್ರಾಪ್ ಮಾಡಿಬಿಡಿ. ಕೈ, ನೀರು, ಅವರ ಮುಖ. ಅಷ್ಟಿದ್ರೆ ಸಾಕು.”

ಸಂಜೆ ನಾನು ಬಸ್ಸಿಳಿದು ಮನೆ ತಲುಪುವ ಮೊದಲೇ ರಂಗಸ್ವಾಮಿಯವರ ಕಾರು ನಮ್ಮ ಅಂಗಳದಲ್ಲಿತ್ತು. ಸಿದ್ದೇಶ್ವರ ಸರ್ ಆಗಲೇ ಅವರಿಗೆ ಫೋನ್ ಮಾಡಿದ್ದರು.

“ಏನೇ ಸರಸಿ, ನಿನ್ ಮಗ್ಳು ಕಾಲೇಜ್ನಾಗೆ ಲೋಟ ಎಣಸ್ತಾವ್ಳಂತೆ? ನೀರು ಕೊಟ್ಟಿದ್ದೂ ತಪ್ಪಾ? ಈ ಮುಂಡೇವ್ಕೆ ಅಕ್ಸರ ತಲೆಗತ್ತುದ್ರೆ ಇಂಗೇಯ. ಗ್ವಾಡೆ ನಿಮ್ದು, ಕೆಳಗ್ಲ ಮಣ್ಣು ಯಾರ್ದು ಯೋಳು?”

“ನಿಮ್ದೇ ಬುದ್ಧಿ.”

“ಗ್ಯಾನ ಇರ್ಲಿ. ಇಲ್ದಿದ್ರೆ ನಾಳೀಕೇ ಜೆಸಿಬಿ ತರುಸ್ತೀನಿ.”

“ಅದ್ಕೇನ್ ಗೊತ್ತಾಯ್ತದೆ ಬುದ್ಧಿ, ಮಗ ಅದು. ನಾನ್ ಯೋಳ್ತೀನಿ.”

ನಾನು ಬ್ಯಾಗು ಹಿಡಿದು ಅಂಗಳದ ಅಂಚಿನಲ್ಲಿ ನಿಂತೇ ಇದ್ದೆ. ಕಾರು ಹತ್ತುವಾಗ ಅವರು ನನ್ನೊಂದಿಗೆ ಮಾತ್ರ ಪೇಟೆ ಕನ್ನಡದಲ್ಲಿ ಮಾತಾಡಿದರು. “ಚೆನ್ನಾಗಿ ಮಾಡಿ ಮೇಡಂ. ನಮ್ಮೂರಿಗೆ ಹೆಸರು ಬರಬೇಕು.”

ಕಾರು ತಿರುಗಿದ್ದೇ ಅವ್ವ ನನ್ನ ಮೇಲೆ ಎಗರಿದಳು.

“ಕುಡ್ದಿದ್ದಾಯ್ತು, ಉಚ್ಚೆ ಊಯ್ದಿದ್ದೂ ಆಯ್ತು. ಇನ್ನೂ ಯಾಕೆ ಅದ್ನೇ ಕೆದುಕ್ತೀಯೆ?”

“ಲೋಟ ಇದ್ವು ಕಣವ್ವ. ನೀನು ಅಭ್ಯಾಸದಲ್ಲಿ ನೋಡ್ಲೇ ಇಲ್ಲ.”

“ನಂಗೇನ್ ಕಣ್ಣು ಇಂಗೋಗವಾ?” ಅವ್ವ ಒಲೆಗೆ ತೆಂಗಿನ ಗರಿ ತುರುಕಿದಳು. “ಕುಂತ್ಕಂಡಾಗ್ಲೇ ನೋಡ್ದೆ. ಕೈ ಮುಂದುಕ್ ಮಾಡಿ ಇಂದುಕ್ ತಗಂಡೆ. ನಾನು ಲೋಟ ಮುಟ್ಟಿದ್ರೆ ಆ ಸೂಳೆಮಗ ನಿನ್ ಕೆಲ್ಸ ಉಳುಸ್ತಿದ್ನಾ?”

ಅವಳ ಮನೆ ಉಳಿಯಲೆಂದು ನಾನು ಬಾಯಿ ಮುಚ್ಚಿಕೊಂಡು ಬಂದಿದ್ದೆ. ಅವಳು ನನಗಾಗಿ ಅದನ್ನು ಮೊದಲೇ ಮಾಡಿ ಮುಗಿಸಿದ್ದಳು. ಹೊಗೆ ಕಣ್ಣಿಗೆ ಬಂತು.

ಉದ್ಘಾಟನೆಯ ದಿನ ಅವ್ವನಿಗೆ ಶಾಲು ಹೊದಿಸಿದರು. ರಂಗಸ್ವಾಮಿ ಮೌಸ್ ಒತ್ತಿದರು. ಗೋಡೆಯಗಲದ ಪರದೆಯ ಮೇಲೆ ಅವರ ಮುಖ, ಬೀಳುತ್ತಿರುವ ನೀರು, ಅವ್ವನ ಬೊಗಸೆ. ಮೇಜು ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಪುಟದಲ್ಲಿ ತೀರಾ ಕೆಳಗೆ, ಹಾಡಿನ ಸಾಲುಗಳೆಲ್ಲ ಮುಗಿದ ಮೇಲೆ, ‘ಪೂರ್ಣ ದೃಶ್ಯ’ ಎಂದು ಸಣ್ಣ ಅಕ್ಷರದಲ್ಲಿದೆ. ಹಿಂದಿನ ದಿನ ನಾನೇ ಸೇರಿಸಿದ್ದು. ಅದನ್ನು ಒತ್ತಿದರೆ ಕತ್ತರಿಸದ ವಿಡಿಯೊ ತೆರೆಯುತ್ತದೆ. ಅವ್ವ ಹೇಳುವವರೆಗೆ ನಾನು ಗಮನಿಸಿರದ ಕ್ಷಣವೂ ಅದರಲ್ಲಿದೆ: ಲೋಟದ ಕಡೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಳ್ಳುವ ಅವ್ವ ಕಾಣುತ್ತಾಳೆ. ಅಡಿಯಲ್ಲಿ ಬರೆದಿದ್ದೇನೆ: ‘ಹಾಡಿದವರು ಸರಸಮ್ಮ. ನೀರು ಸುರಿದವರು ರಂಗಸ್ವಾಮಿ. ಲೋಟಗಳನ್ನು ಯಾರೂ ಬಳಸಲಿಲ್ಲ.’

ಅಂದು ಯಾರೂ ಅಷ್ಟು ಕೆಳಗಿನವರೆಗೆ ಹೋಗಲಿಲ್ಲ. ಎಂದಾದರೂ ಯಾರಾದರೂ ಹೋಗುತ್ತಾರೆ. ಆಮೇಲೆ ಕೆಲಸ ಇರುತ್ತದೋ ಇಲ್ಲವೋ, ಮನೆ ಇರುತ್ತದೋ ಇಲ್ಲವೋ.

ಊರಿನ ಬಸ್ಸಿನಲ್ಲಿ ಅವ್ವ ಶಾಲನ್ನು ಮಡಚುತ್ತ ಕೇಳಿದಳು. “ಅಷ್ಟೇನವ್ವ? ಇನ್ನೇನೂ ಆಕಿಲ್ವಾ ಅದ್ರಾಗೆ?”

ಹಿಂದಿನ ಸೀಟಿನಲ್ಲಿ ನಮ್ಮೂರಿನವರೇ ಕೂತಿದ್ದರು. ಅವರಿಗಾಗಲಿ, ಅವಳಿಗಾಗಲಿ, ಯಾರಿಗೂ ಹೇಳಬಾರದೆಂದು ನಿಶ್ಚಯಿಸಿಕೊಂಡೆ.

“ಅಷ್ಟೇ ಕಣವ್ವ,” ಎಂದೆ.