ತುಪ್ಪದ ಸದ್ದು ನಿಂತಿತ್ತೇ

ಗುಂಡಿ ಒತ್ತಿದರೆ ಒಲೆ ಗೋಡೆಯೊಳಗಿಂದ ಹೊರಗೆ ಬರುತ್ತದಂತೆ, ಇನ್ನೊಮ್ಮೆ ಒತ್ತಿದರೆ ಮಡಚಿಕೊಂಡು ಒಳಗೆ ಹೋಗುತ್ತದಂತೆ, ಎಪ್ಪತ್ತು ವರ್ಷದ ಹಿಂದೆಯೇ, ನಾನಿನ್ನೂ ಹುಟ್ಟೇ ಇರಲಿಲ್ಲ, ಆಗ ಮೈಸೂರಿನಲ್ಲಿ ಅಮ್ಮ ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು, ಇಲ್ಲಿ ಅಮೆರಿಕದಲ್ಲಿ, ಜನ ನೋಡಲೆಂದು ಉಳಿಸಿಟ್ಟ ಈ ಹಳೇ ಮನೆಯಲ್ಲಿ, ಹಳದಿ ಗುಂಡಿ, ಹಸಿರು ಗುಂಡಿ, ನೋಡಿ ಅತ್ತೆ, ಟೈಮರ್ ಬೇರೆ ಇದೆ, ಹೊತ್ತಾದ್ರೆ ತಾನೇ ಆಫ್ ಆಗುತ್ತೆ, ಆ ಕಾಲಕ್ಕೆ ಇದೇ ಫ್ಯೂಚರ್ರು, ಅಳಿಯ ವಿಕಾಸನಿಗೆ ಏನು ಖುಷಿ, ತಾನೇ ಆರುತ್ತದಂತೆ, ತಾನೇ — ನಾನು ಒಲೆ ಆರಿಸಿದೆನೇ? ಬೆಳಿಗ್ಗೆ ಬೆಣ್ಣೆ ಕಾಯಿಸಲು ಇಟ್ಟದ್ದು ಚೆನ್ನಾಗಿ ನೆನಪಿದೆ, ಬಾಣಂತನಕ್ಕೆ ಅಂಗಡಿ ತುಪ್ಪ ಬೇಡ ಅಂತ ನಾನೇ ಹಟ ಹಿಡಿದು, ಸಾಂಟಾ ಕ್ಲಾರಾದಿಂದ ವೀಳ್ಯದೆಲೆ ತರಿಸಿ, ಸಣ್ಣ ಉರಿ, ನೀಲಿ ಉರಿ, ಚಟಪಟ ಚಟಪಟ, ತುಪ್ಪಾನ ಕಣ್ಣಲ್ಲಿ ಕಾಯಿಸಬಾರದು ಕಣೇ, ಕಿವಿಯಲ್ಲಿ ಕಾಯಿಸಬೇಕು, ಅಮ್ಮ ಹೇಳುತ್ತಿದ್ದದ್ದು, ಸದ್ದು ನಿಂತರೆ ಹದ ಬಂತು, ಆಗ ಉರಿ ಆರಿಸಿ ಎಲೆ ಹಾಕು. ಚಟಪಟ ಈಗಲೂ ಕಿವಿಯಲ್ಲಿದೆ, ನಿಂತದ್ದು ಮಾತ್ರ ನೆನಪಿಲ್ಲ. ಅತ್ತೆ ಲೇಟಾಯ್ತು ಅಂತ ವಿಕಾಸ್ ಬಾಗಿಲಲ್ಲಿ ಕೂಗಿದ್ದು ನೆನಪಿದೆ, ಚಪ್ಪಲಿ ಹುಡುಕಿದ್ದು ನೆನಪಿದೆ, ಮಗಳು ಸಂಯುಕ್ತಾ ಮೇಲಿನ ಕೋಣೆಯಲ್ಲಿ ಹೊಟ್ಟೆ ಹಿಡಿದು ಮಗ್ಗುಲಾಗಿ, ಹೋಗಿ ಬಾಮ್ಮ, ಬಂದಾಗಿಂದ ಏನೂ ನೋಡಿಲ್ಲ ನೀನು, ಅಂದದ್ದೂ ನೆನಪಿದೆ. ಒಬ್ಬಳೇ ಇದ್ದಾಳೆ, ಎಂಟು ತಿಂಗಳು, ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದಾರೆ ಡಾಕ್ಟರು.

ಹೊಗೆ ಬಂದರೆ ಅಲಾರಂ ಕೂಗುತ್ತದಲ್ಲ, ಅಂದುಕೊಂಡೆ, ಅಂದುಕೊಂಡ ಮರುಕ್ಷಣವೇ ನೆನಪಾಯಿತು — ಕ್ಯಾಪು. ಗುಲಾಬಿ ಚುಕ್ಕೆಯ ಶವರ್ ಕ್ಯಾಪು. ಬಂದ ಹೊಸತರಲ್ಲಿ ಸಾರಿಗೆ ಒಗ್ಗರಣೆ ಹಾಕಿದೆ, ಮೆಣಸಿನಕಾಯಿ ಘಾಟಿಗೆ ಛಾವಣಿಯ ಮೇಲಿನ ಆ ಬಿಳಿ ತಟ್ಟೆ ಪ್ರಾಣ ಹೋದ ಹಾಗೆ ಅರಚಿತು, ಸಂಯು ಬೆಚ್ಚಿ ಎದ್ದಳು, ವಿಕಾಸ್ ಟವೆಲ್ ಬೀಸಿದ, ನಾನು ಸೌಟು ಹಿಡಿದು ಕಳ್ಳಿಯ ಹಾಗೆ ನಿಂತಿದ್ದೆ, ಆಮೇಲೆ ಪಕ್ಕದ ಮನೆಯ ಮಂಗಳೂರಿನ ಸೌದಾಮಿನಿ, ಎಂತ ಆಂಟಿ, ಅದಕ್ಕೆಲ್ಲ ಹೆದರುದಾ, ಅದರ ಮೇಲೊಂದು ಕ್ಯಾಪ್ ಹಾಕಿ, ಅಡುಗೆ ಆದ ಮೇಲೆ ತೆಗೀರಿ, ನಾವೆಲ್ಲ ಹಾಗೇ ಮಾಡುದು, ಅಂತ ಗುಟ್ಟಾಗಿ ಒಂದು ಜೊತೆ ಕೊಟ್ಟಳು. ಈ ಬೆಳಿಗ್ಗೆ ಕುರ್ಚಿ ಹತ್ತಿ ಹಾಕಿದೆ. ತೆಗೆಯಲಿಲ್ಲ, ಅದಂತೂ ಖಾತ್ರಿ, ಕುರ್ಚಿ ಇನ್ನೂ ಅಲ್ಲೇ ಇದೆ. ಹೇಳಿಬಿಡಲೇ ವಿಕಾಸನಿಗೆ? ಹೇಳಿದರೆ ಮುಗಿಯಿತು. ಮೊನ್ನೆ ಹಾಲು ಸೀದು ಪಾತ್ರೆ ಕರಕಲಾದಾಗ ಗೋಡೆಯಾಚೆ ಮಗಳ ದನಿ, ಅಮ್ಮಂಗೆ ಮರೆವು ಜಾಸ್ತಿ ಆಗ್ತಿದೆ ಕಣೋ, ಪಾಪೂನ ಅವಳ ಕೈಲಿ ಬಿಟ್ಟು ಹೇಗೆ ಮಲಗ್ಲಿ, ನ್ಯಾನಿ ನೋಡೋಣ. ಇನ್ನೊಂದ್ಸಲ ಹೀಗಾದ್ರೆ ನೋಡೋಣ ಬಿಡು, ಅಂದ ವಿಕಾಸ್. ಇನ್ನೊಂದ್ಸಲ. ಇದೇ ಅದು. ಕಾಲ ಮೇಲೆ ಹಾಕಿಕೊಂಡು ನಾನು ನೀರೆರೆಯಬೇಕಾದ ಮಗು, ಯಾರೋ ಎತ್ತಿಕೊಂಡಿರುತ್ತಾರೆ, ನಾನು ಸೋಫಾದ ಮೇಲೆ ನೆಂಟರ ಹಾಗೆ ಕೂತಿರುತ್ತೇನೆ.

ಬನ್ನಿ ಅತ್ತೆ, ಬೆಡ್‌ರೂಮ್ ನೋಡೋಣ. ಮಂಚದ ಪಕ್ಕ ಗೋಡೆಯಲ್ಲಿ ಸಣ್ಣ ದೀಪಗಳ ಹಲಗೆ, ಬೆಳ್ಳಿಗೂದಲ ಗೈಡಮ್ಮ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ವಿಕಾಸ್ ನನಗೆ ಬಿಡಿಸಿ ಹೇಳುತ್ತಾನೆ, ಒಲೆ ಆನ್ ಇದ್ರೆ ಇಲ್ಲಿ ಕೆಂಪು ಲೈಟು, ಬಾಗಿಲು ತೆರೆದಿದ್ರೆ ಅಲ್ಲೊಂದು, ಎದ್ದು ಹೋಗಿ ನೋಡೋ ಟೆನ್ಷನ್ನೇ ಇಲ್ಲ. ಒಂದು ದೀಪವೂ ಉರಿಯುತ್ತಿಲ್ಲ. ಹಾಗಾದರೆ ಎಲ್ಲ ಆರಿದೆ ಅಂತಲೇ? ಅಲ್ಲವಂತೆ, ಒಳಗಿನ ವೈರನ್ನು ಎಂದೋ ಕತ್ತರಿಸಿದ್ದಾರಂತೆ, ಮನೆಗೆ ಬೆಂಕಿ ಬಿದ್ದರೂ ಇದು ಹೀಗೇ ತಣ್ಣಗಿರುತ್ತದಂತೆ, ಗೈಡಮ್ಮ ನಗುತ್ತಾಳೆ, ನೋಡಲು ಬಂದವರೆಲ್ಲ ನಗುತ್ತಾರೆ, ನನ್ನ ಮೂಗಿಗೆ ಸೀದ ತುಪ್ಪದ ವಾಸನೆ, ಇಲ್ಲಿಗೆ ಹೇಗೆ ಬಂತು, ಬರಲು ಸಾಧ್ಯವಿಲ್ಲ, ಬರುತ್ತಿದೆ. ವಿಕಾಸ್, ಸಂಯು ಊಟ ಮಾಡಿದಳೋ ಇಲ್ವೋ, ಒಂದು ಫೋನ್ ಮಾಡಿ ನೋಡಿ, ದನಿ ನಡುಗದ ಹಾಗೆ ಕೇಳಿದೆ. ರಿಂಗಾಯಿತು, ಆಗುತ್ತಲೇ ಇತ್ತು. ಮಲಗಿರ್ತಾಳೆ ಅತ್ತೆ, ಸೈಲೆಂಟಲ್ಲಿ ಹಾಕಿರ್ತಾಳೆ. ಇನ್ನೊಂದ್ಸಲ ಮಾಡಿ. ಯಾಕತ್ತೆ, ಮುಖ ಯಾಕೆ ಹೀಗಾಯ್ತು? ಏನಿಲ್ಲ, ಒಲೆ ಆರಿಸಿದೆನೋ ಇಲ್ವೋ ಅಂತ, ಸುಮ್ನೆ. ಅಯ್ಯೋ ಅಷ್ಟೇನಾ, ಫೋನಿನಲ್ಲಿ ಏನನ್ನೋ ಒತ್ತಿ ನನ್ನ ಮುಂದೆ ಹಿಡಿದ, ನೋಡಿ, ಮನೆ ಅಲಾರಂ ಇಲ್ಲೇ ಕಾಣುತ್ತೆ, ಗ್ರೀನ್ ಇದೆ, ಒಂಚೂರೂ ಹೊಗೆ ಇಲ್ಲ.

ಹಸಿರು ಚುಕ್ಕೆ. ಅದಕ್ಕೇನು ಗೊತ್ತು, ಅದರ ಮೂಗು ಮುಚ್ಚಿದವಳು ನಾನು, ಮನೆ ತುಂಬ ಹೊಗೆಯಾದರೂ ಅದು ಹಸಿರಾಗಿಯೇ ಇರುತ್ತದೆ, ವಿಕಾಸ್ ನೆಮ್ಮದಿಯಾಗಿ ಫೋನು ಜೇಬಿಗಿಡುತ್ತಿದ್ದಾನೆ, ಇಟ್ಟುಬಿಟ್ಟ, ಗೌರಮ್ಮ, ಬಾಯಿ ಬಿಡು, ಮಗಳಿಗಿಂತ ನಿನ್ನ ಮಾನ ಹೆಚ್ಚೇ — ವಿಕಾಸ್, ಅದಕ್ಕೆ ಹೊಗೆ ಗೊತ್ತಾಗಲ್ಲ, ಅದರ ಮೇಲೆ ಶವರ್ ಕ್ಯಾಪ್ ಹಾಕಿದೀನಿ, ನಾನೇ. ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು, ಸೌದಾಮಿನಿ ಹತ್ರ ಕೀ ಇದೆ ಅಂತ ಓಡುತ್ತಲೇ ಫೋನು, ಕಾರು, ಫ್ರೀವೇ, ಮುಂದೆ ಕೆಂಪು ದೀಪಗಳ ಸಾಲು, ಮನೆಯಿರುವ ಬೆರ್ರಿಯೆಸಾ ಇನ್ನೂ ಎಷ್ಟು ದೂರ, ದೇವರೇ, ನ್ಯಾನಿ ಬರಲಿ, ಇಬ್ಬರು ಬರಲಿ, ನಾನು ಮೂಲೆಯಲ್ಲಿ ಕೂರುತ್ತೇನೆ, ನನ್ನ ಮಗಳೊಬ್ಬಳು ಕಣ್ಣು ಬಿಡಲಿ. ಕಾರಿನ ಸ್ಪೀಕರಿನಲ್ಲಿ ಸೌದಾಮಿನಿಯ ಏದುಸಿರು, ಒಳಗೆ ಬಂದೆ ಆಂಟಿ, ಒಲೆ ಆಫ್ ಉಂಟು, ತುಪ್ಪ ಲಾಯ್ಕ ಆಗಿದೆ, ಎಲೆ ಸಹ ಹಾಕಿದ್ದೀರಿ, ಇರಿ, ಮೇಲೆ ಹೋಗ್ತೇನೆ — ಸಂಯು ಒಳ್ಳೇ ನಿದ್ದೆ, ಎಂತದೂ ಆಗ್ಲಿಲ್ಲ ಮಾರಾಯ್ರೆ. ಆರಿಸಿದ್ದೆ, ಆರಿಸಿದ್ದೆ, ಎಲೆಯನ್ನೂ ಹಾಕಿದ್ದೆ, ನಗುವೋ ಅಳುವೋ ಗೊತ್ತಾಗದೆ ಸೆರಗು ಬಾಯಿಗಿಟ್ಟುಕೊಂಡೆ, ವಿಕಾಸನೂ ಉಸಿರು ಬಿಟ್ಟ. ಎರಡೂ ಕ್ಯಾಪ್ ತೆಗೆದೆ ಆಂಟಿ, ಅಡುಗೆಮನೆ ಅಲಾರಂದ್ದೂ, ಸಂಯು ರೂಮಿದ್ದೂ. ಸಂಯು ರೂಮಿದ್ದು? ನಾನು ಹಾಕಿದ್ದು ಒಂದೇ. ಇನ್ನೊಂದು ನನ್ನ ಪೆಟ್ಟಿಗೆಯಲ್ಲಿದೆ, ಇರಬೇಕು. ಸಂಯು ಏಳುವಂತಿಲ್ಲ, ವಿಕಾಸನಿಗೆ ಕ್ಯಾಪಿನ ವಿಷಯವೇ ಗೊತ್ತಿರಲಿಲ್ಲ, ನಾನೇ ಕುರ್ಚಿಯನ್ನು ಮೇಲೆ ಹೊತ್ತಿರಬೇಕು, ಮಲಗಿದ ಮಗಳ ತಲೆದೆಸೆಯಲ್ಲಿ ಹತ್ತಿ ಕೈ ಎತ್ತಿರಬೇಕು, ಯಾವಾಗ, ವಿಕಾಸ್ ತಿರುಗಿ ನನ್ನನ್ನು ನೋಡಿದ, ಕುರ್ಚಿ ನೆನಪಾಗುತ್ತಿಲ್ಲ, ಕೈ ನೆನಪಾಗುತ್ತಿಲ್ಲ, ಮಗಳ ದಿಂಬಿನ ನೇರ ಮೇಲೆ ಗುಲಾಬಿ ಚುಕ್ಕೆಯ ಕ್ಯಾಪು, ನನ್ನ ಮಗಳ ದಿಂಬಿನ ಮೇಲೆ, ಗುಲಾಬಿ ಚುಕ್ಕೆಯ ಕ್ಯಾಪು, ಗುಲಾಬಿ ಚುಕ್ಕೆಯ