ಹೊರೆಗಾತಿಯ ನಾಲ್ಕನೇ ಸಂಚಿಕೆ

ಮುದುಕನಿಗೆ ನೆನಪು ಕಲಸಿಹೋಗಿದೆ, ಶುಕ್ರವಾರದ್ದನ್ನು ಬುಧವಾರಕ್ಕೆ ಅಂಟಿಸುತ್ತಾನೆ ಎಂದು ನಕ್ಕವರು ಯಾರು ಎಂದು ನನಗೆ ಗೊತ್ತು. ನಗಿ. ಹೋದ ವಾರ ಓದಿದ ಪುಸ್ತಕದಲ್ಲಿ ಖಳನ ಹೆಸರು ಏನಿತ್ತು, ನಿಮ್ಮಲ್ಲಿ ಒಬ್ಬರಾದರೂ ಹೇಳಿ ನೋಡೋಣ. ಬಾಯಿ ಮುಚ್ಚಿತಲ್ಲ? ಕಾಮಿಕ್ಸ್ ನಾಯಕ ಉಕ್ಕಿನ ಹದ್ದು ಎಷ್ಟು ಸಲ ಸತ್ತ, ಯಾವ ಸಲ ಯಾರ ತೋಳಲ್ಲಿ ಸತ್ತ ಎನ್ನುವುದೂ ನನಗೆ ನೆನಪಿದೆ. ಆ ಶುಕ್ರವಾರ ಹಾರ್ಲನ್ ವಿಟ್ಕೊನ ತಟ್ಟೆಯಲ್ಲಿ ಮೀನು ಮುಟ್ಟುವವರಿಲ್ಲದೆ ತಣ್ಣಗಾಗಿ ಎಣ್ಣೆ ಬಿಟ್ಟುಕೊಂಡು ಕೂತಿದ್ದೂ ನೆನಪಿದೆ. ಎದುರಿಗೇ ನಾನು ಕೂತಿದ್ದೆ. ಉಳಿದದ್ದನ್ನು ಅವನೇ ಆಮೇಲೆ ಹೇಳಿದ. ಹಾಗಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವವರು ಮಾಡಿಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ.

ಹಾರ್ಲನ್ ಮಿಲ್ವಾಕಿಯಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ದಪ್ಪ ಕುತ್ತಿಗೆ, ದೊಡ್ಡ ಕೈ, ಕಮ್ಮಿ ಮಾತು. ಬುಧವಾರ ಬೆಳಿಗ್ಗೆ ಡೊರೀನಳ ಕಾಮಿಕ್ಸ್ ಅಂಗಡಿಯ ಶಟರ್ ಏಳುವ ಮೊದಲೇ ಅವನು ಫುಟ್‌ಪಾತಿನ ಮೇಲೆ ನಿಂತಿರುತ್ತಿದ್ದ. ಹೊಸ ಪುಸ್ತಕಗಳು ಬರುವುದು ಬುಧವಾರವೇ. ಕೌಂಟರಿನ ಹಿಂದೆ ನಮಗೆಲ್ಲ ಒಂದೊಂದು ಗೂಡು; ಮೊದಲೇ ಹೇಳಿಟ್ಟ ಪುಸ್ತಕಗಳನ್ನು ಡೊರೀನ್ ಅದರಲ್ಲಿ ಎತ್ತಿಡುತ್ತಿದ್ದಳು. ಆ ವಾರದ ಕಟ್ಟನ್ನು ಮನೆಗೆ ಒಯ್ದು, ಓದಿ, ಶುಕ್ರವಾರ ಸಂಜೆ ಅಂಗಡಿಯ ಪಕ್ಕದ ಬಾರಿನಲ್ಲಿ ಕರಿದ ಮೀನಿನ ಮುಂದೆ ಕೂತು ತೀರ್ಪು ಕೊಡುವುದು ನಮ್ಮ ಪದ್ಧತಿ. ಆ ವಾರದ ಅತಿ ಕೆಟ್ಟ ಪುಸ್ತಕದಿಂದ ಶುರು. ಒಳ್ಳೆಯದು ಕೊನೆಗೆ, ಎರಡನೇ ಬಿಯರಿನ ಜೊತೆ.

ಮೇಜಿನ ಯಜಮಾನ ಕ್ಲೈಡ್ ಬೋಮನ್. ಮೊದಲು ಜನರ ಹಲ್ಲು ಕೀಳುತ್ತಿದ್ದ, ನಿವೃತ್ತನಾದ ಮೇಲೆ ಪುಸ್ತಕಗಳದ್ದು ಕೀಳುತ್ತಿದ್ದ. ಅವನ ಪಕ್ಕ ಗಸ್, ಕ್ಲೈಡ್ ಏನೆಂದರೂ ತಲೆಯಾಡಿಸುವವನು. ಆಮೇಲೆ ಹಾರ್ಲನ್, ನಾನು, ಅಂಗಡಿ ಮುಚ್ಚಿ ಬರುವ ಡೊರೀನ್. ಕ್ಲೈಡ್ ಚೆನ್ನಾಗಿದೆ ಎಂದ ಪುಸ್ತಕವನ್ನು ಮುಂದಿನ ವಾರ ಊರಿನ ದಕ್ಷಿಣ ಭಾಗದ ಜನ ಡೊರೀನಳ ಹತ್ತಿರ ಬಂದು ಕೇಳುತ್ತಿದ್ದರು. ಆದರೆ ಅವನ ಬಾಯಲ್ಲಿ ಚೆನ್ನಾಗಿದೆ ಎನ್ನುವ ಮಾತು ಬರುವುದು ಬೇಸಿಗೆಯಲ್ಲಿ ಹಿಮ ಬಿದ್ದ ಹಾಗೆ.

ಹಾರ್ಲನ್ನನ ಮಗಳು ಟೆಸ್ ಪೋರ್ಟ್‌ಲ್ಯಾಂಡಿನಲ್ಲಿ ಇದ್ದುಕೊಂಡು ಕಾಮಿಕ್ಸ್ ಬರೆದು ಚಿತ್ರಿಸುತ್ತಿದ್ದಳು. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದ ಮೇಲೆ ಅವಳು ತಾಯಿಯ ಮನೆತನದ ಹೆಸರು ಹಾಕಿಕೊಂಡಿದ್ದಳು. ಮೊದಲ ಸಂಚಿಕೆ ಬರುವಾಗಲೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು, ಮೇಜಿನಲ್ಲಿ ನನ್ನ ವಿಷಯ ಎತ್ತಬೇಡ, ಅವರು ನಿನ್ನ ಮುಖ ನೋಡಿ ಹೊಗಳುವುದು ನನಗೆ ಬೇಡ ಎಂದು. ಹಾರ್ಲನ್ ಮಾತು ಉಳಿಸಿಕೊಂಡ. ಎಷ್ಟರ ಮಟ್ಟಿಗೆ ಎಂದರೆ, ಆ ಪುಸ್ತಕದ ಹೆಸರನ್ನೇ ಅವನು ನಮ್ಮ ಮುಂದೆ ಒಮ್ಮೆಯೂ ಎತ್ತಲಿಲ್ಲ.

ಪುಸ್ತಕದ ಹೆಸರು ‘ಹೊರೆಗಾತಿ’. ಬೀಳುವುದನ್ನೆಲ್ಲ ದೂರದಿಂದಲೇ ಹಿಡಿದು ನಿಲ್ಲಿಸಬಲ್ಲ ಹುಡುಗಿಯೊಬ್ಬಳ ಕತೆ. ಯಾವುದನ್ನು ಹಿಡಿದರೂ ಅದರ ಭಾರವೆಲ್ಲ ಅವಳ ಮೈಗೇ ಬರುತ್ತದೆ. ಅವಳಿಗೊಬ್ಬ ಅಪ್ಪ, ಬಸ್ ಡ್ರೈವರ್. ಅವನಿಗೆ ಯಾವ ಶಕ್ತಿಯೂ ಇಲ್ಲ.

ನಾಲ್ಕನೇ ಸಂಚಿಕೆ ಬರುವ ವಾರ ಟೆಸ್ ಫೋನು ಮಾಡಿದಳು. ಪ್ರಕಾಶಕರು ಆರನೆಯದರ ಆರ್ಡರ್ ನೋಡುತ್ತಾರಂತೆ. ಏರಿದರೆ ಏಳನೆಯದು ಉಂಟು, ಇಲ್ಲದಿದ್ದರೆ ಆರಕ್ಕೇ ಮುಗಿಸು ಎಂದಿದ್ದಾರಂತೆ. ಅಳುಕಿಲ್ಲದ ದನಿಯಲ್ಲಿ ಹೇಳಿದಳಂತೆ. ಆದರೆ ಆ ದನಿ ಹಾರ್ಲನ್ನನಿಗೆ ಗೊತ್ತು. ಅವಳಮ್ಮ ಆಸ್ಪತ್ರೆಯಿಂದ ಫೋನು ಮಾಡುವಾಗಲೂ ಅದೇ ದನಿ ಇರುತ್ತಿತ್ತು.

ಈಗ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಈ ವ್ಯಾಪಾರದಲ್ಲಿ ಪುಸ್ತಕ ಬರುವುದಕ್ಕೆ ವಾರಗಟ್ಟಲೆ ಮೊದಲೇ ಅಂಗಡಿಯವರು ಇಷ್ಟು ಪ್ರತಿ ಬೇಕೆಂದು ಹೇಳಿಬಿಡಬೇಕು. ಉಳಿದದ್ದನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಪ್ರಕಾಶಕರು ಎಣಿಸುವುದು ಅಂಗಡಿಯವರು ಕೇಳಿದ ಪ್ರತಿಗಳನ್ನು, ನೀವು ನಾನು ಕೊಂಡದ್ದನ್ನಲ್ಲ. ಇದು ಹಾರ್ಲನ್ನನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನ ಲೆಕ್ಕ ಬೇರೆ. ಕಪಾಟು ಖಾಲಿಯಾದರೆ ಡೊರೀನ್ ನೋಡುತ್ತಾಳೆ, ಓಹೋ ಇದು ಓಡುತ್ತಿದೆ ಎಂದು ಮುಂದಿನ ಸಲ ಹೆಚ್ಚು ಕೇಳುತ್ತಾಳೆ. ಬಸ್ಸಿನಲ್ಲಿ ಜನ ತುಂಬಿದರೆ ಡಿಪೋದವರು ಇನ್ನೊಂದು ಬಸ್ಸು ಬಿಡುವುದಿಲ್ಲವೇ, ಹಾಗೆ.

ಬುಧವಾರ ಅವನು ತನ್ನ ಕಟ್ಟನ್ನು ತೆಗೆದುಕೊಂಡ ಮೇಲೆ ಕಪಾಟಿನಲ್ಲಿದ್ದ ‘ಹೊರೆಗಾತಿ’ಯ ಪ್ರತಿಗಳನ್ನೆಲ್ಲ ಬಳಿದುಕೊಂಡು ಕೌಂಟರಿನ ಮೇಲಿಟ್ಟ. ಅಕ್ಕನ ಮಕ್ಕಳಿಗೆ ಎಂದ. ಅವನ ಅಕ್ಕನಿಗೆ ಮಕ್ಕಳಿಲ್ಲ. ಡೊರೀನ್ ಕನ್ನಡಕದ ಮೇಲಿಂದ ಒಮ್ಮೆ ನೋಡಿ ಚೀಲಕ್ಕೆ ಹಾಕಿಕೊಟ್ಟಳು. ಅಲ್ಲಿಂದ ಅವನು ಕಾರು ಹತ್ತಿ ಊರಿನ ಉಳಿದ ಕಾಮಿಕ್ಸ್ ಅಂಗಡಿಗಳಿಗೆಲ್ಲ ಹೋದ. ಹಳೆಯ ಬಸ್ ದಾರಿಗಳೇ, ಕಣ್ಣು ಮುಚ್ಚಿ ಹೋಗಬಲ್ಲ. ಕತ್ತಲಾಗುವ ಹೊತ್ತಿಗೆ ಮಿಲ್ವಾಕಿಯಲ್ಲಿ ‘ಹೊರೆಗಾತಿ’ಯ ನಾಲ್ಕನೇ ಸಂಚಿಕೆ ಇದ್ದದ್ದು ಎರಡೇ ಕಡೆ. ಒಂದು ಕ್ಲೈಡ್‌ನ ಮನೆಯಲ್ಲಿ. ಯಾಕೆಂದರೆ ಮೂರನೆಯದನ್ನು ಓದಿದ ಮೇಲೆ ಅವನು ಯಾರಿಗೂ ಹೇಳದೆ ತನ್ನ ಗೂಡಿಗೆ ಅದನ್ನು ಬರೆಸಿಕೊಂಡಿದ್ದ. ಇನ್ನೊಂದು ಹಾರ್ಲನ್ನನ ಕಾರಿನ ಡಿಕ್ಕಿಯಲ್ಲಿ, ಕಂಬಳಿಯ ಕೆಳಗೆ.

ರಾತ್ರಿ ಅಡುಗೆಮನೆಯಲ್ಲಿ ಕೂತು ಅವನೂ ಓದಿದ. ಸೇತುವೆಯೊಂದು ಕುಸಿಯುತ್ತದೆ. ಹುಡುಗಿ ನದಿಯ ದಡದಲ್ಲಿ ನಿಂತು ಅದನ್ನು ಹಿಡಿದುಕೊಂಡಿದ್ದಾಳೆ, ಮೂಗಿನಿಂದ ರಕ್ತ. ಅಪ್ಪ ಬಸ್ಸು ತಂದು ನಿಲ್ಲಿಸುತ್ತಾನೆ. ಇಳಿದು ಏನು ಮಾಡಿಯಾನು? ಹೆಡ್‌ಲೈಟನ್ನು ಅವಳ ಕಡೆ ತಿರುಗಿಸಿ ಬೆಳಗಾಗುವವರೆಗೆ ಸ್ಟಿಯರಿಂಗ್ ಹಿಡಿದು ಕೂತಿರುತ್ತಾನೆ. ಆ ಅಪ್ಪ ಯಾರೆಂದು ಹಾರ್ಲನ್ನನಿಗೆ ತಿಳಿಯಿತು. ಟೆಸ್ ಹೈಸ್ಕೂಲಿನಲ್ಲಿದ್ದಾಗ, ಚಿತ್ರದ ಶಾಲೆ ಎಂದರೆ ಉಪವಾಸ ಸಾಯುವ ಶಾಲೆ ಎಂದು ಅವನು ಅಂದದ್ದಕ್ಕೆ ಅವಳು ಚಳಿಗಾಲವಿಡೀ ಅಪ್ಪನ ಬಸ್ಸು ಹತ್ತಲಿಲ್ಲ. ಹಿಮದಲ್ಲಿ ನಡೆದೇ ಮನೆಗೆ ಹೋಗುತ್ತಿದ್ದಳು. ಅವನು ಡ್ಯೂಟಿ ಮೇಲೆ, ಇಳಿಯುವ ಹಾಗಿಲ್ಲ. ಹಿಂದೆ ಹಿಂದೆ ಬಸ್ಸನ್ನು ತೆವಳಿಸುತ್ತ ಅವಳ ಕಾಲ ಮುಂದೆ ಬೆಳಕು ಬೀಳಿಸುತ್ತಿದ್ದ. ಒಳಗೆ ಪ್ರಯಾಣಿಕರು ಬೈಯುತ್ತಿದ್ದರು. ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಆ ಬೆಳಕನ್ನೂ ಕಂಡಿಲ್ಲ ಎಂದುಕೊಂಡಿದ್ದ ಅವನು.

ಶುಕ್ರವಾರ ಬಂತು. ಮೀನು ಬಂತು, ಆಲೂಗಡ್ಡೆ ಪ್ಯಾನ್‌ಕೇಕ್ ಬಂತು. ಕ್ಲೈಡ್ ತೋಳು ಮಡಚಿಕೊಂಡ. ಅವತ್ತಿನ ಅತಿ ಕೆಟ್ಟ ಪುಸ್ತಕದ ಪಟ್ಟ ‘ಮಹಾಕೂಟ’ಕ್ಕೆ. ಪುಸ್ತಕವಿಡೀ ಹನ್ನೊಂದು ಜನ ಬಿಗಿ ಚಡ್ಡಿ ಹಾಕಿಕೊಂಡು ವೃತ್ತಾಕಾರವಾಗಿ ನಿಂತು ಮಾತಾಡುತ್ತಾರೆ, ಅರ್ಥವಾಗಬೇಕಿದ್ದರೆ ಇನ್ನೊಂದು ಕಟ್ಟು ಪುಸ್ತಕ ಕೊಳ್ಳಬೇಕು ಎಂದು ಬೈದ. ಆಮೇಲೆ ‘ಡಾಕ್ಟರ್ ಗ್ರಹಣ’. ಚಂದ್ರನನ್ನು ಒಡೆಯುವ ರಾಕ್ಷಸ ತನ್ನ ಬಾಲ್ಯ ನೆನೆದು ಎಂಟು ಪುಟ ಅತ್ತಿದ್ದಾನೆ. ಗಸ್ ತಲೆಯಾಡಿಸಿದ. ‘ಮಿಂಚುಳ್ಳಿ’ಗೆ ಅರ್ಧದಲ್ಲಿ ಚಿತ್ರಕಾರ ಬದಲಾಗಿ ನಾಯಕನ ಮೂಗು ಪುಟಕ್ಕೊಂದು ಥರ. ನನಗೆ ಅದು ಇಷ್ಟವಾಗಿತ್ತು, ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಕ್ಕಿನ ಹದ್ದು ಮತ್ತೆ ಬದುಕಿ ಬಂದಿದ್ದ.

“ಅವನ ಸಮಾಧಿಗೆ ಕಲ್ಲು ಹಾಕೋದು ದಂಡ ಕಣೋ” ಎಂದ ಕ್ಲೈಡ್. “ಒಂದು ಬಾಗ್ಲು ಇಟ್ಬಿಡಿ. ಬೇಕಾದಾಗ ಬರ್ಲಿ, ಬೇಕಾದಾಗ ಹೋಗ್ಲಿ.”

ಎರಡನೇ ಬಿಯರ್ ಬಂತು. ಕ್ಲೈಡ್ ಲೋಟ ಮುಟ್ಟಲಿಲ್ಲ. ಈ ವಾರದ ಒಳ್ಳೆಯದು ‘ಹೊರೆಗಾತಿ’ ಎಂದ. ನಾವು ಬೆಪ್ಪಾಗಿ ಅವನ ಮುಖ ನೋಡಿದೆವು. ಹಾರ್ಲನ್ ಫೋರ್ಕನ್ನು ಕೆಳಗಿಟ್ಟ.

“ಆ ಅಪ್ಪನ್ನ ನೋಡ್ರೋ” ಎಂದ ಕ್ಲೈಡ್. “ಇಷ್ಟು ವರ್ಷ ಓದಿದೀನಿ, ಅಪ್ಪಂದಿರು ಅಂದ್ರೆ ಒಂದೋ ಮೊದಲ ಪುಟದಲ್ಲೇ ಸಾಯ್ತಾರೆ, ಇಲ್ಲಾ ಕೊನೇಲಿ ಅವರೇ ಖಳ ಅಂತ ಗೊತ್ತಾಗುತ್ತೆ. ಇವನು ಏನೂ ಮಾಡಲ್ಲ. ಲೈಟ್ ಹಾಕ್ಕೊಂಡು ಕೂತಿರ್ತಾನೆ, ಅಷ್ಟೇ ಅವನ ಕೈಲಾಗೋದು. ಅದನ್ನ ಬರ್ದೋಳಿಗೆ ಯಾರೋ ಹಾಗೆ ಕೂತಿದ್ದು ಗೊತ್ತಿರಬೇಕು. ಸುಮ್ಸುಮ್ನೆ ಹುಟ್ಟಿಸೋಕಾಗಲ್ಲ ಅದು.”

ಗಸ್ ಮೊದಲ ಸಲ ತಲೆಯಾಡಿಸಲಿಲ್ಲ. ಅವನು ಅದನ್ನು ಓದಿರಲಿಲ್ಲ. ಕೊಳ್ಳಲು ಹೋಗಿದ್ದೆ, ಕಪಾಟು ಬೋಳಾಗಿತ್ತು ಎಂದ. ನನಗೂ ಸಿಕ್ಕಿರಲಿಲ್ಲ. ಕ್ಲೈಡ್ ಆ ಎರಡು ದಿನವೂ ಕಂಡಕಂಡವರಿಗೆ ಇದನ್ನು ಓದಿ ಎಂದು ಹೇಳಿಕೊಂಡು ಬಂದಿದ್ದನಂತೆ. ಅವರೂ ಅಂಗಡಿಗೆ ಬಂದು ಬರಿಗೈಲಿ ಹೋಗಿದ್ದರಂತೆ.

“ಯಾವನೋ ಗೂಬೆ ಎಲ್ಲಾ ಹೊತ್ಕೊಂಡು ಹೋಗಿದಾನೆ” ಎಂದ ಕ್ಲೈಡ್. “ನಾಳೆ ದುಬಾರಿಗೆ ಮಾರೋಣ ಅಂತ. ಇಂಥೋರಿಂದ್ಲೇ ಒಳ್ಳೆ ಪುಸ್ತಕ ಸಾಯೋದು.”

ಡೊರೀನ್ ತನ್ನ ತಟ್ಟೆಯ ಕೋಸನ್ನು ಕೆದಕುತ್ತಿದ್ದಳು. ತಲೆ ಎತ್ತಲಿಲ್ಲ. ಹಾರ್ಲನ್ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತು ಬಿಟ್ಟು ಅವಳೂ ಹೋದಳು.

ಪಾರ್ಕಿಂಗಿನಲ್ಲಿ ಹಾರ್ಲನ್ ಡಿಕ್ಕಿ ತೆರೆದು ಕಂಬಳಿ ಸರಿಸಿದ. ಮುಖಪುಟದ ಮೇಲೆ ಮುಖಪುಟ, ಒಂದೇ ಹುಡುಗಿ, ಒಂದೇ ಸೇತುವೆ. ಡೊರೀನ್ ಅದನ್ನು ನೋಡಿದಳು, ಅವನನ್ನು ನೋಡಿದಳು. ಅವನು ಎಲ್ಲವನ್ನೂ ಹೇಳಿದ. ಮಗಳು, ಮಾತು, ಆರನೇ ಸಂಚಿಕೆ, ಏಳನೆಯದು.

“ಅಯ್ಯೋ ಹಾರ್ಲನ್” ಎಂದಳು ಅವಳು. “ಮೊದ್ಲೇ ಒಂದು ಮಾತು ಹೇಳಬಾರ್ದಿತ್ತಾ?”

“ಈಗ ತಗೋ. ಎಲ್ಲಾ ಕಪಾಟಿಗೆ ಹಾಕು. ದುಡ್ಡು ಬೇಡ ನಂಗೆ.”

“ಹಾಕ್ತೀನಿ. ಆದ್ರೆ ಬಂದು ಹೋದೋರು ಯಾರ್ಯಾರೋ, ಮತ್ತೆ ಈ ಕಡೆ ತಲೆ ಹಾಕೋದು ಬುಧವಾರ. ಆರನೇದರ ಆರ್ಡರ್ ಸೋಮವಾರ ಮುಚ್ಚುತ್ತೆ. ಒಬ್ಬನೇ ಬಂದು ಕಪಾಟು ಬಳಿದ್ರೆ ನಾವ್ಯಾರೂ ಆರ್ಡರ್ ಏರಿಸಲ್ಲಪ್ಪ. ಹತ್ತು ಜನ ಬಂದು ಗೂಡಿಗೆ ಬರ್ಕೋ ಅಂದ್ರೆ ಏರಿಸ್ತೀವಿ. ನಂದು, ಗಸ್ದು, ಆ ಮುದುಕಂದು ಬರ್ಕೊಳ್ತೀನಿ. ಬೇರೆ ಅಂಗಡಿಯೋರಿಗೆ ನಾನೇನು ಹೇಳ್ಲಿ?”

ಆ ಮುದುಕ ಎಂದರೆ ನಾನು. ಇರಲಿ.

ನಿನ್ನಿಂದ ಏನಾದರೂ ಆಗುತ್ತದಾ ಎಂದು ಅವನು ಮತ್ತೆ ಮತ್ತೆ ಕೇಳಿದನಂತೆ. ಅವಳು ಅವನ ತೋಳು ಹಿಡಿದುಕೊಂಡಳಂತೆ. ಆಮೇಲೆ ಒಂದು ತೋಳು ತುಂಬ ಪುಸ್ತಕ ಎತ್ತಿಕೊಂಡು ಬಾರಿನೊಳಗೆ ಹಂಚಲು ಹೋದಳು.

ಅವನು ಕಾರಿನೊಳಗೆ ಕೂತ. ಮೀನಿನ ಊಟ ಮುಗಿಯುವ ಹೊತ್ತಿಗೆ ಟೆಸ್ ಫೋನು ಮಾಡುವುದು ರೂಢಿ. ಮಾಡಿದಳು. ಮೇಜಿನವರು ಏನಂದರು ಎಂದು ಕೇಳಿದಳು. ಕ್ಲೈಡ್ ಅಂದದ್ದನ್ನೆಲ್ಲ ಅವನು ಒಂದಕ್ಷರ ಬಿಡದೆ ಒಪ್ಪಿಸಿದ.

“ಅಪ್ಪಾ, ಅಂಗಡೀಲಿ ಹೋಯ್ತಾ?”

ಹಾರ್ಲನ್ ಬಾಯಿ ತೆರೆದ. ಮಗಳಿಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿಲ್ಲ.

“ಒಂದೂ ಉಳಿದಿಲ್ಲ” ಎಂದ.

“ನಿಜವಾಗ್ಲೂ?”

“ಊರಲ್ಲೆಲ್ಲೂ ಇಲ್ಲ ಮಗಾ.”

ಅವಳು ನಕ್ಕಳು. ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ, ಕೊನೆಯಲ್ಲಿ ಸ್ವಲ್ಪ ಬಿಕ್ಕಳಿಕೆ ಬರುವ ನಗು. “ಹಾಗಾದ್ರೆ ಏಳನೇದು ಇವತ್ತೇ ಶುರು ಮಾಡ್ತೀನಪ್ಪ” ಎಂದಳು. “ಅವರು ಹೇಳೋವರೆಗೂ ಯಾಕೆ ಕಾಯ್ಲಿ. ಅದರಲ್ಲಿ ಹುಡುಗಿ ಬಸ್ ಹತ್ತುತ್ತಾಳೆ.”

ಬೇಡ ಎನ್ನಬೇಕೆಂದುಕೊಂಡ ಅವನು. ಯಾವ ಮಾತು ಹಿಡಿದು ಬೇಡ ಎನ್ನುವುದು? ಒಳ್ಳೇದು ಮಗಾ, ಊಟ ಮಾಡಿ ಕೂತ್ಕೋ ಎಂದ. ಫೋನು ಇಟ್ಟ ಮೇಲೂ ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಕೊನೆಗೆ ಗಸ್ ಹೊರಗೆ ಬಂದು ಕಿಟಕಿ ಬಡಿದ. ಲೈಟ್ ಉರೀತಾ ಇದೆಯಲ್ಲೋ, ಬ್ಯಾಟರಿ ಸತ್ತುಹೋಗುತ್ತೆ ಎಂದ. ಗಸ್‌ನ ಕೈಯಲ್ಲಿ ನಾಲ್ಕನೇ ಸಂಚಿಕೆ ಇತ್ತು, ಮೀನಿನ ಎಣ್ಣೆ ಹತ್ತಿದ ಬೆರಳ ಗುರುತಿನ ಸಮೇತ.

ಪುಸ್ತಕ ಆರಕ್ಕೇ ನಿಂತಿತು. ಏಳನೆಯದರ ಎಷ್ಟು ಪುಟಗಳನ್ನು ಅವಳು ಅಷ್ಟರಲ್ಲಿ ಬರೆದಿದ್ದಳು ಎಂದು ಹಾರ್ಲನ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡೊರೀನಳ ಕಪಾಟಿಗೆ ಹೋಗಿ ಡಿಕ್ಕಿಯಲ್ಲಿ ಉಳಿದ ನಾಲ್ಕನೇ ಸಂಚಿಕೆಗಳನ್ನು ಅವನು ಈಗಲೂ ಬಸ್ ಸ್ಟಾಪಿನಲ್ಲಿ ಕಾಯುವವರಿಗೆ ಕೊಡುತ್ತಾನೆ. ಕೆಲವರು ತೆಗೆದುಕೊಳ್ಳುತ್ತಾರೆ, ಕೆಲವರು ಧರ್ಮಪ್ರಚಾರದ ಕಾಗದವೆಂದು ಮುಖ ತಿರುಗಿಸುತ್ತಾರೆ.

ಇಷ್ಟೇ. ನಂಬುವವರು ನಂಬಿ, ಬಿಡುವವರು ಬಿಡಿ. ಆದರೆ ಕೇಳಿದವರು ಇದನ್ನು ಫೋನಿನಲ್ಲಿ ಹುದುಗಿಸಿಟ್ಟು ಕೂರಬೇಡಿ. ಇನ್ನೂ ಕೇಳದವರು ಯಾರಾದರೂ ಇದ್ದರೆ ಅವರಿಗೆ ಕಳಿಸಿ, ಬುಧವಾರದವರೆಗೆ ಕಾಯದೆ.